ಓಡಿಸಿ ನೋಡಿದ ಕೊರಿಯನ್ ಧಾರಾವಾಹಿ

“ಈ ಸಲದ ತಿಂಡಿ ಸ್ಪರ್ಧೆಯ ಮೊದಲ ಬಹುಮಾನ ಶ್ರೀಯುತ ರಘೋತ್ತಮ ರಾಯರಿಗೆ!” ಎಂದು ಬಾತ್‌ರೂಮಿನ ಕನ್ನಡಿಯ ಮುಂದೆ ನಿಂತು ನಾನೇ ಘೋಷಿಸಿಕೊಂಡೆ. ನಾನೇ ಚಪ್ಪಾಳೆಯನ್ನೂ ತಟ್ಟಿಕೊಂಡೆ. ಸ್ಪರ್ಧೆಗೆ ಇನ್ನೂ ಹದಿನೈದು ದಿನ ಬಾಕಿ ಇತ್ತು. ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಅಡುಗೆ ಬರುತ್ತಿರಲಿಲ್ಲ. ಆದರೂ ಬಹುಮಾನ ನನ್ನದೇ! ಆತ್ಮವಿಶ್ವಾಸ ಎಂದರೆ ಅದು!

ನಾನು ಬ್ಯಾಂಕ್ ನೌಕರ. ವಿಜಯಪುರದಿಂದ ವರ್ಗವಾಗಿ ಮೊದಲು ಸಂಭಾಜಿನಗರ, ಆಮೇಲೆ ನಾಸಿಕ್ ರೋಡ್ ಹೀಗೆ ಮಹಾರಾಷ್ಟ್ರದಲ್ಲೇ ಹದಿನೈದು ವರ್ಷ ಕಳೆದವನು. ಇಲ್ಲಿಯ ನಮ್ಮ ಕನ್ನಡ ಬಳಗದಲ್ಲಿ ಪ್ರತಿ ವರ್ಷ ತಿಂಡಿ ಸ್ಪರ್ಧೆ ನಡೆಯುತ್ತದೆ. ಪ್ರತಿ ವರ್ಷ ನನ್ನ ಹೆಂಡತಿ ಮೃಣಾಲಿನಿ ಶೇಂಗಾ ಹೋಳಿಗೆ ಮಾಡುತ್ತಾಳೆ, ಪ್ರತಿ ವರ್ಷ ಅವಳೇ ಗೆಲ್ಲುತ್ತಾಳೆ. ನಾನು ಪ್ರತಿ ವರ್ಷ ಡಬ್ಬಿ ಹೊತ್ತುಕೊಂಡು ಅವಳ ಹಿಂದೆ ನಡೆಯುತ್ತೇನೆ. “ಮೃಣಾಲಿನಿಯವರ ಮನೆಯವರು” ಎಂಬುದೇ ಬಳಗದಲ್ಲಿ ನನ್ನ ಹೆಸರು. ಇದನ್ನು ಅಳಿಸಲೇಬೇಕಿತ್ತು!

ದಾರಿ ತೋರಿಸಿದ್ದು ಒಂದು ಕೊರಿಯನ್ ಧಾರಾವಾಹಿ. ಮೃಣಾಲಿನಿ ಮತ್ತು ನನ್ನ ಅವ್ವ ರಾಧಾಬಾಯಿ ಮಧ್ಯಾಹ್ನ ಕೂತು ನೋಡುತ್ತಿದ್ದರು. ಪರದೆಯ ಕೆಳಗೆ ಬರುವ ಇಂಗ್ಲಿಷನ್ನು ಮೃಣಾಲಿನಿ ಓದಿ ಕನ್ನಡದಲ್ಲಿ ಹೇಳುತ್ತಾಳೆ. ಎಂಬತ್ತು ದಾಟಿದ ಅವ್ವ ಬತ್ತಿ ಹೊಸೆಯುತ್ತಾ “ಆಮ್ಯಾಲ ಏನಾತವಾ?” ಎಂದು ಕೇಳುತ್ತಾಳೆ. ಯಾವುದೋ ಸಮುದ್ರ ತೀರದ ಸಣ್ಣ ಊರು. ಅಲ್ಲಿ ಇಬ್ಬರು ತರುಣರು. ಒಬ್ಬ ಊಟದ ಅಂಗಡಿ ಇಟ್ಟವನು, ಪಕ್ಕದ ಕೊಟ್ಟಿಗೆಯಲ್ಲಿ ಇನ್ನೊಬ್ಬ ಅಕ್ಕಿಯನ್ನು ಹುಳಿ ಬರಿಸಿ ಮದ್ಯ ತಯಾರಿಸುವವನು. ಅಡುಗೆಯವನಿಗೆ ಒಂದು ಗುಟುಕು ಕುಡಿದರೂ ತಲೆ ತಿರುಗುತ್ತದೆ, ಮದ್ಯದವನಿಗೆ ನೀರು ಕಾಯಿಸಲೂ ಬರುವುದಿಲ್ಲ. ನಾನು ಹಾದುಹೋಗುವಾಗ ಅಡುಗೆಯವನು ಎಲೆಕೋಸಿಗೆ ಕೆಂಪಗೆ ಖಾರ ಸವರುತ್ತಿದ್ದ. ಅದರ ಹೆಸರು ಕಿಮ್ಚಿಯಂತೆ, ಹುಳಿ ಬರಿಸಿದ ಅವರ ಉಪ್ಪಿನಕಾಯಿ! ಒಲೆ ಇಲ್ಲ, ಒಗ್ಗರಣೆ ಇಲ್ಲ, ಲಟ್ಟಣಿಗೆ ಇಲ್ಲ. ನನಗಾಗಿಯೇ ಹುಟ್ಟಿದ ಅಡುಗೆ!

ಅವತ್ತೇ ಮೊಬೈಲಿನಲ್ಲಿ ಹದಿನಾರು ಕಂತುಗಳನ್ನೂ ನೋಡಲು ಕೂತೆ. ನಾನು ಬ್ಯಾಂಕಿನವನು, ಅನವಶ್ಯಕ ವಿಷಯಕ್ಕೆ ಸಮಯ ಕೊಡುವವನಲ್ಲ. ಪಾತ್ರೆ, ಚಾಕು, ತರಕಾರಿ ಕಾಣದ ದೃಶ್ಯಗಳನ್ನೆಲ್ಲ ಬೆರಳಿನಿಂದ ಓಡಿಸಿಬಿಟ್ಟೆ. ಅವರಿಬ್ಬರು ಸಮುದ್ರ ದಂಡೆಯಲ್ಲಿ ಕೂತರೆ ಓಡಿಸು! ಅತ್ತರೆ ಓಡಿಸು! ಒಬ್ಬರನ್ನೊಬ್ಬರು ಸುಮ್ಮನೆ ನೋಡುತ್ತಾ ನಿಂತರಂತೂ ಎರಡು ಪಟ್ಟು ಓಡಿಸು! ಹದಿನಾರು ಕಂತು ಎರಡೂವರೆ ತಾಸಿನಲ್ಲಿ ಖಲಾಸ್.

“ಅಲ್ರಿ, ಕಥಿ ಏನದ ಅಂತಾದ್ರೂ ನೋಡ್ರಿ,” ಎಂದಳು ಮೃಣಾಲಿನಿ.

“ಕಥಿ ನಿಮಗಿರಲಿ. ನನಗ ಕೃತಿ ಸಾಕು!” ಎಂದೆ. ಮರಾಠಿಯಲ್ಲಿ ಅಡುಗೆ ಮಾಡುವ ವಿಧಾನಕ್ಕೆ ಕೃತಿ ಎನ್ನುತ್ತಾರಲ್ಲ. ಈ ಶ್ಲೇಷೆಗೆ ನಾನೊಬ್ಬನೇ ನಕ್ಕೆ.

“ಒಂಬತ್ತನೇ ಕಂತಾದ್ರೂ ಓಡಸದ ನೋಡ್ರಿ,” ಎಂದಳು ಮೃಣಾಲಿನಿ. ಆಗಲೇ ಕೇಳಬೇಕಿತ್ತು. ಕೇಳಲಿಲ್ಲ.

ಕಿಮ್ಚಿ ಭರ್ಜರಿಯಾಗಿ ತಯಾರಾಯಿತು. ಎರಡು ಎಲೆಕೋಸು, ಮೂಲಂಗಿ, ಶುಂಠಿ, ಮುಷ್ಟಿಗಟ್ಟಲೆ ಬ್ಯಾಡಗಿ ಖಾರ. ಅವ್ವ ತಿನ್ನುವುದಿಲ್ಲವೆಂದು ಈರುಳ್ಳಿ ಬೆಳ್ಳುಳ್ಳಿ ಬಿಟ್ಟೆ. ಕೊರಿಯಾದವರು ಇದನ್ನು ಮಾಧ್ವ ಕಿಮ್ಚಿ ಎಂದು ಒಪ್ಪುತ್ತಾರೋ ಇಲ್ಲವೋ, ನಾನು ಒಪ್ಪಿದೆ. ದೊಡ್ಡ ಗಾಜಿನ ಬರಣಿಗೆ ಕುತ್ತಿಗೆಯವರೆಗೂ ತುಂಬಿ, ಮುಚ್ಚಳವನ್ನು ಎರಡೂ ಕೈಯಿಂದ ತಿರುವಿ, ಮೇಲೆ ನಾಲ್ಕು ಸುತ್ತು ಟೇಪ್ ಬಿಗಿದು ಬಾಲ್ಕನಿಯಲ್ಲಿಟ್ಟೆ. ಏಪ್ರಿಲ್ ತಿಂಗಳ ನಾಸಿಕ್ ಬಿಸಿಲು. ಒಂದಲ್ಲ ಎರಡಲ್ಲ, ಆರು ದಿನ!

ಇಲ್ಲಿ ನನ್ನ ಮಗನ ಸುದ್ದಿ ಹೇಳಬೇಕು. ಉತ್ಕರ್ಷನಿಗೆ ಇಪ್ಪತ್ತೆಂಟು. ನಾವು ಸಂಭಾಜಿನಗರ ಬಿಟ್ಟರೂ ಅವನು ಬಿಡಲಿಲ್ಲ. ಅಲ್ಲಿಯೇ ಊರಾಚೆ ಶೇಂದ್ರಾದ ಕಡೆ ಒಂದು ಕಾರ್ಖಾನೆಯಲ್ಲಿ ಕೆಮಿಸ್ಟ್. ಯಾವುದರ ಕಾರ್ಖಾನೆ? ಬಿಯರಿನದು! ನಿತ್ಯ ದೇವರ ಪೂಜೆಯಾಗದೆ ನೀರು ಕುಡಿಯದ ಅವ್ವನಿಗೆ ಇದನ್ನು ಹೇಗೆ ಹೇಳಲಿ? “ಬಾರ್ಲಿ ನೀರಿನ ಫ್ಯಾಕ್ಟರಿ” ಎಂದು ಹೇಳಿದ್ದೆ. ಅವ್ವ ಅದನ್ನು ಇಡೀ ಅಪಾರ್ಟ್‌ಮೆಂಟಿಗೆ ಸಾರಿದ್ದಳು. “ಜ್ವರ ಬಂದವರಿಗೆ ನಮ್ಮ ಮೊಮ್ಮಗನ ನೀರೇ ಗತಿ!” ಮೂರು ವರ್ಷದಿಂದ ಅವನ ಜೊತೆ ಒಂದೇ ಫ್ಲ್ಯಾಟಿನಲ್ಲಿ ಇರುವವನು ತನ್ಮಯ. ನಮ್ಮ ನಾಸಿಕ್ ಜಿಲ್ಲೆಯ ಸಟಾಣಾದ ದಾಳಿಂಬೆ ತೋಟದವರ ಹುಡುಗ. ಅದೇ ಶೇಂದ್ರಾದಲ್ಲಿ ಕಾರ್ಮಿಕರಿಗೆಂದು ಪುಟ್ಟ ಖಾನಾವಳಿ ನಡೆಸುತ್ತಾನೆ. ಉತ್ಕರ್ಷ ಊರಿಗೆ ಬಂದಾಗಲೆಲ್ಲ ತನ್ಮಯ ಕಟ್ಟಿಕೊಟ್ಟ ಡಬ್ಬಿ ತರುತ್ತಾನೆ. ನಾಲ್ಕೈದು ಸಲ ತನ್ಮಯನೂ ಬಂದು ಹೋಗಿದ್ದ. “ಎಂಥಾ ಗೆಳೆತನ!” ಎಂದು ನಾನು ಮೆಚ್ಚುತ್ತಿದ್ದೆ.

ಸ್ಪರ್ಧೆಯ ಶನಿವಾರ ಬಂತು. ಬಳಗದ ಸಭಾಗೃಹದಲ್ಲಿ ನೂರಿಪ್ಪತ್ತು ಜನ. ಮುಂದಿನ ಸಾಲಿನಲ್ಲಿ ಅವ್ವ. ತೀರ್ಪುಗಾರರ ಮುಖ್ಯಸ್ಥ ನಮ್ಮ ಕಾರ್ಯದರ್ಶಿ ಸುಧಾಕರ. ಹಾಲಿನಂಥ ಬಿಳಿ ಜುಬ್ಬಾ, ಕೈಯಲ್ಲಿ ಚಮಚ, ಮುಖದಲ್ಲಿ ಸುಪ್ರೀಂ ಕೋರ್ಟಿನ ಕಳೆ.

“ಏನ್ರಿ ಇದು ರಾಯರ?”

“ಕೊರಿಯಾದ ರಾಷ್ಟ್ರೀಯ ಹೆಮ್ಮೆ!” ಎಂದು ನಾನು ಟೇಪ್ ಬಿಡಿಸಿ ಮುಚ್ಚಳ ತಿರುವಿದೆ.

ಢಂ!

ಮುಚ್ಚಳ ಫ್ಯಾನಿನ ರೆಕ್ಕೆಗೆ ಬಡಿದು ಬಾಗಿಲ ಹತ್ತಿರ ಬಿತ್ತು. ಬರಣಿಯಿಂದ ಕೆಂಪು ಕಾರಂಜಿ ಎದ್ದು ಅರ್ಧ ಸುಧಾಕರನ ಮೇಲೂ, ಉಳಿದರ್ಧ ಅವನ ಹಿಂದಿದ್ದ ಬ್ಯಾನರಿನ ಮೇಲೂ ಇಳಿಯಿತು. ಸುಧಾಕರ ಕಣ್ಣುಜ್ಜಿಕೊಳ್ಳುತ್ತಾ “ನೀರು! ನೀರು!” ಎಂದು ಕುಣಿದ. ಅವನ ಮೀಸೆಗೆ ಮೂಲಂಗಿಯ ಒಂದು ಹೋಳು ಅಂಟಿಕೊಂಡಿತ್ತು. ಸಭೆಯಲ್ಲಿ ಹೋ ಎಂದು ನಗೆ!

ಮಾನ ಹೋಗುತ್ತಿತ್ತು. ಉಳಿಸಿಕೊಳ್ಳಲು ನನಗೆ ಕಂಡದ್ದು ಮೈಕ್ ಒಂದೇ. ಹೋಗಿ ಹಿಡಿದೆ.

“ಬಂಧುಗಳೇ, ನಗಬೇಡಿ! ಇದು ಬರೀ ಉಪ್ಪಿನಕಾಯಿ ಅಲ್ಲ. ಇದರ ಹಿಂದೆ ಕೊರಿಯಾದ ಇಬ್ಬರು ಹುಡುಗರಿದ್ದಾರೆ. ಒಬ್ಬ ಅಡುಗೆ ಮಾಡುತ್ತಾನೆ, ಒಬ್ಬ ಮದ್ಯ ತಯಾರಿಸುತ್ತಾನೆ. ನಿಮ್ಮಲ್ಲಿ ಅನೇಕರು ಆ ಧಾರಾವಾಹಿ ನೋಡಿದ್ದೀರಿ. ಒಂದೇ ಸೂರು, ಒಂದೇ ತಟ್ಟೆ, ಒಂದೇ ಮನಸ್ಸು! ಅಂಥ ಜೋಡಿ ಕೊರಿಯಾದಲ್ಲಿ ಮಾತ್ರ ಇದೆ ಎಂದು ತಿಳಿಯಬೇಡಿ. ನನ್ನ ಮಗ ಉತ್ಕರ್ಷ ಬಿಯರ್ ತಯಾರಿಸುತ್ತಾನೆ, ಅವನ ತನ್ಮಯ ಅಡುಗೆ ಮಾಡುತ್ತಾನೆ. ಅಲ್ಲಿ ಆ ಇಬ್ಬರು ಹೇಗೋ, ಸಂಭಾಜಿನಗರದಲ್ಲಿ ನಮ್ಮ ಇಬ್ಬರು ಹಾಗೆ! ಎಳ್ಳಷ್ಟೂ ವ್ಯತ್ಯಾಸವಿಲ್ಲ! ಯಾರು ಏನೇ ಅನ್ನಲಿ, ಅಪ್ಪನಾಗಿ ನನಗೆ ಅಭಿಮಾನವಿದೆ. ಅಭಿಮಾನ!”

ನಗೆ ನಿಂತಿತು. ಎಂಥ ಮೌನವೆಂದರೆ, ಸುಧಾಕರನ ಜುಬ್ಬಾದಿಂದ ರಸ ತೊಟ್ಟಿಕ್ಕುವುದು ಕೇಳುತ್ತಿತ್ತು. ಗಂಡಸರು ಫ್ಯಾನ್ ನೋಡಿದರು. ಆಮೇಲೆ ಶಾಲಾ ಶಿಕ್ಷಕಿ ನಿರುಪಮಾ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರ ಹಿಂದೆ ಹೆಂಗಸರ ಸಾಲು ಪೂರ್ತಿ ಎದ್ದಿತು! ನಿರುಪಮಾ ನನ್ನ ಹತ್ತಿರ ಬಂದು, ಕಣ್ಣೊರೆಸಿಕೊಳ್ಳುತ್ತಾ, “ರಾಯರ, ಇಂಥಾ ಧೈರ್ಯ ನಮ್ಮ ಪೈಕಿ ಯಾರೂ ಮಾಡಿದ್ದಿಲ್ಲ ನೋಡ್ರಿ,” ಎಂದರು. ಕಿಮ್ಚಿ ಮಾಡಲು ಇಷ್ಟು ಧೈರ್ಯ ಬೇಕೆಂದು ನನಗೆ ಗೊತ್ತಿರಲಿಲ್ಲ. ಎದೆ ಎರಡು ಇಂಚು ಉಬ್ಬಿತು.

ಬಹುಮಾನ ಹೋಳಿಗೆಗೇ ಹೋಯಿತು. ಆದರೆ ಡಬ್ಬಿ ಹೊತ್ತುಕೊಂಡು ಕಾರಿನ ಕಡೆ ನಡೆಯುವಾಗ ಥಟ್ಟನೆ ನೆನಪಾಯಿತು. ಅಯ್ಯೋ! ಅವ್ವನೆದುರು ಬಿಯರ್ ಎಂದುಬಿಟ್ಟೆನಲ್ಲ! ಹಿಂದಿನ ಸೀಟಿನಲ್ಲಿ ಅವ್ವ ಕಣ್ಣು ಮುಚ್ಚಿ ವಿಷ್ಣು ಸಹಸ್ರನಾಮ ಶುರು ಮಾಡಿದ್ದಳು. ಪಕ್ಕದಲ್ಲಿ ಮೃಣಾಲಿನಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೆ ಬೆವರು.

ಮನೆಗೆ ಬಂದು ಅವ್ವ ಸೀರೆ ಬದಲಿಸಲು ಹೋದಾಗ ಮೃಣಾಲಿನಿ ನನ್ನನ್ನು ಅಡುಗೆಮನೆಗೆ ಕರೆದಳು. ಅವಳ ಕಣ್ಣುಗಳು ಕೆಂಪಾಗಿದ್ದವು. ಕಿಮ್ಚಿಯ ಖಾರ ಎಂದುಕೊಂಡೆ.

“ನಿಮಗ ಯಾವಾಗಿಂದ ಗೊತ್ತಿತ್ರಿ?”

“ಅವ ನೌಕರಿಗೆ ಸೇರಿದ ದಿನದಿಂದನ!”

“ಅಷ್ಟು ದಿವಸದಿಂದ? ನನಗೂ ಅವ ಮೂರು ತಿಂಗಳ ಹಿಂದ ಹೇಳಿದ. ನಿಮಗ ಸಿಟ್ಟು ಬರಲಿಲ್ಲ?”

“ಸಿಟ್ಟು ಯಾಕ? ಈಗಿನ ಕಾಲದಾಗ ಎಷ್ಟು ಮಂದಿ ಮಾಡ್ತಾರ. ಮರ್ಯಾದಿಲೇ ಮಾಡಿದ್ರ ಆತು. ಆದ್ರ ಅವ್ವಗ ಹೆಂಗ ಹೇಳೂದು ಅಂತನ ಚಿಂತಿ.”

“ಅವ್ವಗ ಗೊತ್ತದರಿ. ಮೊನ್ನೆ ನಾನ ಹೇಳಿದೆ. ‘ಹುಡುಗ ಸುಖವಾಗಿದ್ರ ಸಾಕು, ಒಮ್ಮೆ ಸರಿಯಾಗಿ ಮನಿಗೆ ತಂದು ತೋರಸಲಿ’ ಅಂದ್ರು.”

ನಾನು ಗೋಡೆ ಹಿಡಿದುಕೊಂಡೆ. “ಮನಿಗೆ ತರೂದಾ? ದೇವರ ಕೋಣಿ ಇರೂ ಮನಿಗೆ? ಅವ್ವನ ಅಂದ್ರಾ? ಎಷ್ಟು ಬಾಟಲಿ?”

“ಯಾವ ಬಾಟಲಿ?”

“ಬಿಯರ್ ಬಾಟಲಿ!”

ಮೃಣಾಲಿನಿ ನನ್ನನ್ನು ನೋಡಿದಳು. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಅಂಥ ನೋಟ ನಾನು ಕಂಡಿರಲಿಲ್ಲ. “ನೀವು... ಬಿಯರ್ ಸುದ್ದಿ ಮಾತಾಡ್ಲಿಕ್ಕತ್ತೀರಿ?”

“ಮತ್ತ ನೀ ಯಾವ ಸುದ್ದಿ ಮಾತಾಡ್ಲಿಕ್ಕತ್ತಿ?”

ಅವಳು ನನ್ನ ಕೈ ಹಿಡಿದು ಹಾಲಿಗೆ ಕರೆತಂದು, ಟೀವಿಯಲ್ಲಿ ಆ ಧಾರಾವಾಹಿಯ ಒಂಬತ್ತನೆಯ ಕಂತು ಹಾಕಿ, ರಿಮೋಟನ್ನು ತನ್ನ ಕೈಯಲ್ಲೇ ಇಟ್ಟುಕೊಂಡಳು. “ಓಡಸಬ್ಯಾಡ್ರಿ. ಕೂತು ನೋಡ್ರಿ.”

ಕೊಟ್ಟಿಗೆಯಲ್ಲಿ ಅಡುಗೆಯವನು ಜಾಡಿಯೊಂದರ ಬಾಯಿಗೆ ಬಟ್ಟೆ ಬಿಗಿಯುತ್ತಿದ್ದ. ಮದ್ಯದವನು ಅದನ್ನು ಸಡಿಲಿಸಿ, “ಒಳಗೆ ಜೀವ ಇದೆ. ಹೀಗೆ ಬಿಗಿಯಾಗಿ ಮುಚ್ಚಿದರೆ ಒಡೆಯುತ್ತದೆ. ದಿನಕ್ಕೊಮ್ಮೆ ಉಸಿರಾಡಲು ಬಿಡಬೇಕು,” ಎಂದ. ಈ ಮಾತನ್ನೇ ನಾನು ಓಡಿಸಿದ್ದೆ! ಅಡುಗೆಯವನು ಕೈಯಲ್ಲಿದ್ದ ದಾರವನ್ನು ಕೆಳಗಿಟ್ಟ. ಆಮೇಲೆ ಮದ್ಯದವನ ಕೈ ಹಿಡಿದುಕೊಂಡು, ಅವನ ಹಣೆಗೆ ತನ್ನ ಹಣೆ ತಾಗಿಸಿ, ನೀನಿಲ್ಲದೆ ನನಗೆ ಊಟ ರುಚಿಸುವುದಿಲ್ಲ ಎಂದ. ಮುಂದಿನದನ್ನು ತಿಳಿಯಲು ಯಾವ ಇಂಗ್ಲಿಷೂ ಬೇಕಾಗಲಿಲ್ಲ.

“ಇವರು ಪಾರ್ಟ್‌ನರ್ಸ್ ಅಲ್ಲೇನು?” ಎಂದೆ.

“ಪಾರ್ಟ್‌ನರ್ಸೇ,” ಎಂದಳು ಮೃಣಾಲಿನಿ. “ನೀವು ತಿಳಕೊಂಡ ಪಾರ್ಟ್‌ನರ್ಸ್ ಅಲ್ಲ.”

“ಅಂದ್ರ ನಮ್ಮ ಉತ್ಕರ್ಷ, ತನ್ಮಯ...”

“ಎಳ್ಳಷ್ಟೂ ವ್ಯತ್ಯಾಸಿಲ್ಲ ಅಂತ ಮೈಕಿನ್ಯಾಗ ನೀವ ಹೇಳೀರಿ.”

ಬಾಗಿಲಲ್ಲಿ ನಿಂತಿದ್ದ ಅವ್ವ ಹೇಳಿದಳು: “ಬಾರ್ಲಿ ನೀರಿನ ಸುದ್ದೀನೂ ನನಗ ನಾಲ್ಕ ವರ್ಷದಿಂದ ಗೊತ್ತದ ರಘು. ನಿನಗ ಸಮಾಧಾನ ಇರಲಿ ಅಂತ ನಂಬಿಧಂಗ ಮಾಡಿದ್ದೆ.”

ನಾನು ಬಾಲ್ಕನಿಗೆ ಹೋಗಿ ಕೂತೆ. ಮಗ ಬೇಡವೆಂದ ಎಂಟು ಹೆಣ್ಣುಗಳ ಜಾತಕ ನೆನಪಾಯಿತು. “ಇನ್ನೊಂದಿಷ್ಟು ದಿವಸ ಪಪ್ಪಾ” ಎನ್ನುವಾಗ ಅವನು ನನ್ನ ಮುಖ ನೋಡದೆ ಚಪ್ಪಲಿ ನೋಡುತ್ತಿದ್ದದ್ದು ನೆನಪಾಯಿತು. ಅವ್ವನ ಕಣ್ಣಿನ ಆಪರೇಷನ್ನಿಗೆ ತನ್ಮಯ ನಾಲ್ಕೂವರೆ ತಾಸು ಬಸ್ಸಿನಲ್ಲಿ ಬಂದು, ಆಸ್ಪತ್ರೆಯ ಬೆಂಚಿನ ಮೇಲೆ ಎರಡು ದಿನ ಕೂತದ್ದು ನೆನಪಾಯಿತು. ಮಗನ ಬದುಕನ್ನೂ ನಾನು ಓಡಿಸಿಯೇ ನೋಡಿದ್ದೆ. ಅವನು ಮೂರು ವರ್ಷದಿಂದ ನನಗೊಬ್ಬನಿಗೆ ಹೇಳಲು ಹೆದರಿದ್ದನ್ನು ನಾನು ನೂರಿಪ್ಪತ್ತು ಜನರಿಗೆ ಹೇಳಿ ಚಪ್ಪಾಳೆ ಬೇರೆ ತೆಗೆದುಕೊಂಡಿದ್ದೆ!

ಅಷ್ಟರಲ್ಲಿ ಫೋನ್. ಸುಧಾಕರ.

“ರಾಯರ, ಕಣ್ಣು ಇನ್ನೂ ಉರೀಲಿಕ್ಕತ್ತಾವ, ಅದಿರಲಿ. ನೀವು ಮೈಕಿನ್ಯಾಗ ಏನೋ ತಪ್ಪಿ ಹೇಳಿದ್ರಿ ಅನಸ್ತದ. ವಿಡಿಯೋ ಗ್ರೂಪಿನ್ಯಾಗ ಓಡಾಡ್ಲಿಕ್ಕತ್ತದ. ಬೇಕಿದ್ರ ನಾನ ಒಂದು ಸ್ಪಷ್ಟನೆ, ಖುಲಾಸೆ ಹಾಕ್ತೀನಿ, ‘ರಾಯರು ಬರೇ ಗೆಳೆತನದ ಬಗ್ಗೆ ಹೇಳಿದ್ದು’ ಅಂತ. ಮುಗದ ಹೋತು.”

ಎಷ್ಟು ಸುಲಭ! ಒಂದು ಸಾಲು ಬರೆದರೆ ನಾನು ಮತ್ತೆ “ಮೃಣಾಲಿನಿಯವರ ಮನೆಯವರು.” ಯಾರೂ ಪಿಸುಗುಟ್ಟುವುದಿಲ್ಲ. ಬಾಗಿಲ ಸಂದಿಯಲ್ಲಿ ಮೃಣಾಲಿನಿ ನಿಂತು ಕೇಳುತ್ತಿದ್ದಳು.

“ಸುಧಾಕರ, ನಾ ತಪ್ಪಿ ಹೇಳಿದ್ದು ಖರೆ,” ಎಂದೆ. “ಆದ್ರ ತಪ್ಪು ಹೇಳಿಲ್ಲ. ಖುಲಾಸೆ ಬ್ಯಾಡ.”

“ಮಂದಿ ಏನಂದಾರು?”

“ಮಧ್ಯಾಹ್ನ ಚಪ್ಪಾಳಿ ಹೊಡದಾರ. ಇನ್ನೇನ ಅಂತಾರ ಅನ್ಲಿ. ಜುಬ್ಬಾ ಕಳಸು, ನಾ ಒಗಸಿ ಕೊಡ್ತೀನಿ.”

ಫೋನ್ ಇಟ್ಟೆ. ಎದೆ, ಹೇಳಲೇಬೇಕು, ಈ ಸಲ ನಾಲ್ಕು ಇಂಚು ಉಬ್ಬಿತ್ತು. ಅದೇ ಗಳಿಗೆಗೆ ಉತ್ಕರ್ಷನ ಸಂದೇಶ ಬಂತು: “ವಿಡಿಯೋ ನೋಡಿದೆ. ನಾಳೆ ಬೆಳಿಗ್ಗೆ ಇಬ್ಬರೂ ಬರ್ತೀವಿ.” ಹಿಂದಿಲ್ಲ, ಮುಂದಿಲ್ಲ. ಸಿಟ್ಟೋ, ಸಂತೋಷವೋ ಆ ಒಂದು ಸಾಲಿನಲ್ಲಿ ಯಾರು ಹುಡುಕಬೇಕು?

ರವಿವಾರ ಹನ್ನೊಂದಕ್ಕೆ ಬಂದರು. ಉತ್ಕರ್ಷ ಮುಂದೆ, ತನ್ಮಯ ಅವನ ಹಿಂದೆ, ಕೈಯಲ್ಲಿ ಒಂದು ಚೀಲ ದಾಳಿಂಬೆ. ಉತ್ಕರ್ಷ ನನ್ನ ಕಾಲು ಮುಟ್ಟಲು ಬಗ್ಗಿದ. ನಾನು ಹಿಂದೆ ಸರಿದೆ.

“ಮೊದಲ ನಾ ಒಂದು ಮಾತು ಹೇಳಬೇಕಪ್ಪಾ. ನಿನ್ನೆ ಭಾಷಣ ಮಾಡೂ ಮುಂದ ನನಗ ಏನೂ ಗೊತ್ತಿರಲಿಲ್ಲ. ಆ ಧಾರಾವಾಹಿ ನಾ ಓಡಿಸಿ ನೋಡಿದ್ದೆ. ಅವರು ಹೋಟೆಲ್ ಪಾರ್ಟ್‌ನರ್ಸ್ ಅಂತ ತಿಳಕೊಂಡಿದ್ದೆ.”

ಉತ್ಕರ್ಷ ನನ್ನನ್ನೇ ನೋಡಿದ. “ಅಂದ್ರ ನಿಮಗ ಮಾಹೀತೇ ಇರಲಿಲ್ಲ? ಏನೂ?”

“ಏನೂ.”

“ಪಪ್ಪಾ, ವಿಡಿಯೋ ನೋಡಿದಾಗ ನಂಗ ಫಾರ್, ಭಾಳ ಸಿಟ್ಟು ಬಂತು. ನನ್ನ ಮಾತು ನಾನೇ ಹೇಳಬೇಕಿತ್ತು. ನೀವು ನನ್ನ ಕೇಳಬೇಕಿತ್ತು.”

“ಖರೆ. ತಪ್ಪಾತು.”

“ಆಮೇಲೆ ನೀವು ‘ಅಭಿಮಾನ’ ಅಂದ್ರಲ್ಲ, ಎರಡು ಸಲ. ಅದನ್ನ ನಾ ಇಪ್ಪತ್ತು ಸಲ ನೋಡಿದೆ.” ಅವನು ಮತ್ತೆ ಚಪ್ಪಲಿಯ ಕಡೆ ನೋಡಿದ. “ಈಗ ಅದೂ ಗಲತೀಲೇ ಅಂದಿದ್ದು ಅಂತೀರಿ.”

“ಅವಾಗ ಗೊತ್ತಿಲ್ಲದ ಅಂದೆ,” ಎಂದೆ. “ಈಗ ಗೊತ್ತಿದ್ದು ಅಂತೀನಿ. ಅಭಿಮಾನ ಅದನಪ್ಪಾ.”

ಅವನು ನನ್ನ ಹೆಗಲ ಮೇಲೆ ಮುಖವಿಟ್ಟ. ಮೊದಲು ಅತ್ತನೋ ನಕ್ಕನೋ ನನಗೆ ತಿಳಿಯಲಿಲ್ಲ. “ಹೋಟೆಲ್ ಪಾರ್ಟ್‌ನರ್ಸ್!” ಎನ್ನುತ್ತಾ ಹೊಟ್ಟೆ ಹಿಡಿದು ಬಾಗಿಲಲ್ಲೇ ಕೂತಾಗ ನಗು ಎಂದು ಖಾತ್ರಿಯಾಯಿತು. ಅವ್ವ ಒಳಗಿನಿಂದ ಬಂದು, ದಾಳಿಂಬೆ ಚೀಲ ಹಿಡಿದು ಗೊಂಬೆಯಂತೆ ನಿಂತಿದ್ದ ತನ್ಮಯನ ಕೈ ಹಿಡಿದಳು. “ನೀ ಯಾಕಪ್ಪಾ ಹೊರಗ ನಿಂತಿ? ಒಳಗ ಬಾ. ಹೂರಣ ರುಬ್ಬೂದದ. ನನ್ನ ಕೈ ನೋಯ್ತಾವ, ನಿನ್ನ ಕೈಗೆ ಏನಾಗೇದ?” ಎಂದು ಸೀದಾ ಅಡುಗೆಮನೆಗೇ ಕರೆದೊಯ್ದಳು! ಸ್ನಾನವಿಲ್ಲದೆ ನನ್ನನ್ನು ಹೊಸ್ತಿಲು ದಾಟಲು ಬಿಡದ ಅವ್ವ!

ಊಟವಾಯಿತು. ತನ್ಮಯ ಬಾಲ್ಕನಿಗೆ ಹೋಗಿ ಸಟಾಣಾದಲ್ಲಿರುವ ತನ್ನ ತಾಯಿಯ ಜೊತೆ ಫೋನಿನಲ್ಲಿ ಬಹಳ ಹೊತ್ತು ಮರಾಠಿಯಲ್ಲಿ ಮಾತಾಡಿದ. ನಡುನಡುವೆ ಆ ಕಡೆಯಿಂದ ಹೆಂಗಸಿನ ದೊಡ್ಡ ನಗು ಕೇಳುತ್ತಿತ್ತು. ಆಮೇಲೆ ಬಂದು ನನ್ನ ಮುಂದೆ ಸಂಕೋಚದಿಂದ ನಿಂತ. ಉತ್ಕರ್ಷನಿಂದ ಕಲಿತ ಕನ್ನಡದಲ್ಲಿ ಜೋಡಿಸಿ ಜೋಡಿಸಿ ಹೇಳಿದ.

“ಕಾಕಾ, ನಮ್ಮ ಬಾಬಾ ನನ್ನ ಜೋಡಿ ಎರಡು ವರ್ಷ ಝಾಲೆ, ಮಾತಾಡಿಲ್ಲ. ಆಯಿ ಅಂತಾಳ, ಮುಂದಿನ ರವಿವಾರ ನೀವು ನಮ್ಮ ಮನಿಗೆ ಬಂದು ಬಾಬಾಗ ಸ್ವಲ್ಪ ತಿಳಿಸಿ ಹೇಳಬೇಕಂತ.”

ನನ್ನ ಎದೆ ಎಷ್ಟು ಇಂಚು ಉಬ್ಬಿತೋ ಅಳೆಯಲು ಟೇಪ್ ಇರಲಿಲ್ಲ. ನಾಸಿಕ್ ಜಿಲ್ಲೆಗೆಲ್ಲ ನನ್ನ ಕೀರ್ತಿ! ಮೀಸೆ ತಿರುವಿ, “ಯಾಕ ಬರಬಾರದು? ಧಾರಾಳ ಬರ್ತೀನಿ! ನನ್ನಂಥ ತಿಳಿದವರು ನಾಲ್ಕ ಮಾತು ಹೇಳಿದ್ರ ಯಾವ ಅಪ್ಪಗೂ ತಿಳೀತದ,” ಎಂದೆ.

ತನ್ಮಯ ಉತ್ಕರ್ಷನ ಕಡೆ ನೋಡಿದ. ಉತ್ಕರ್ಷ ತುಟಿ ಕಚ್ಚಿಕೊಂಡು ಕಿಟಕಿಯ ಕಡೆ ನೋಡಿದ.

“ತಸ ನಾಹೀ ಕಾಕಾ... ಹಂಗಲ್ಲ,” ಎಂದ ತನ್ಮಯ. “ತಿಳಿದವರು ಎಲ್ಲಾ ಹೇಳಿ ಆತು. ಮಾಮಾ ಹೇಳಿದ್ರು, ಡಾಕ್ಟರ್ ಹೇಳಿದ್ರು, ಕಾಲೇಜಿನ ಸರ್ ಹೇಳಿದ್ರು. ಬಾಬಾಗ ಯಾರ ಮಾತೂ ತಿಳೀಲಿಲ್ಲ. ಈಗ ನಾ ಆಯಿಗೆ ನಿಮ್ಮ ಸಗಳಾ... ಎಲ್ಲಾ ಕಥಿ ಹೇಳಿದೆ. ಅದಕ್ಕ ಆಯಿ ಅಂದಳು, ‘ಶಹಾಣೆ ಮಂದಿ ಎಲ್ಲಾ ಸೋತರು. ನಿಮ್ಮ ಬಾಬಾನಕಿಂತ ದಡ್ಡ ಅಪ್ಪ ಒಬ್ಬರು ಸಿಕ್ಕಾರ ಅಂದ್ರ, ಮೊದಲ ಅವರನ್ನ ಕರ್ಕೊಂಡ ಬಾ’ ಅಂತ!”

ಅಡುಗೆಮನೆಯಿಂದ ಮೃಣಾಲಿನಿ ಕೂಗಿದಳು. “ಬರ್ತಾರಂತ ಹೇಳಪ್ಪಾ ತನ್ಮಯ! ಎಂಟರ ಬಸ್ಸಿಗೆ ನಾನ ಹತ್ತಿಸಿ ಕಳಸ್ತೀನಿ!”